ನಮ್ಮ ಚರ್ಮದ ಯಜಮಾನಿ

ನಮ್ಮ ಮನೆಯವರ ಚರ್ಮ ನಮ್ಮದಲ್ಲ, ದೊಡ್ಡವ್ವನದು! ನಾವು ಅದರೊಳಗೆ ಬಾಡಿಗೆಗೆ ಇದ್ದೇವೆ, ಅಷ್ಟೆ. ಬಾಡಿಗೆಯವರು ಗೋಡೆಗೆ ಮೊಳೆ ಹೊಡೆದರೆ ಮನೆಯೊಡತಿ ಹೇಗೆ ಹಾರಾಡುತ್ತಾಳೋ, ನಮ್ಮಲ್ಲಿ ಯಾರ ಮುಖದ ಮೇಲಾದರೂ ಒಂದು ಮೊಡವೆ ಎದ್ದರೆ ಅವಳು ಹಾಗೆ ಹಾರಾಡುತ್ತಿದ್ದಳು. "ಏನ್ ತಿಂದೆ? ಎಲ್ಲೋಗಿದ್ದೆ? ಯಾರ್ ಮನೆ ಸೋಪು ಆಕ್ಕಂಡೆ?" ಪೊಲೀಸ್ ಠಾಣೆಯಲ್ಲಾದರೂ ಮಧ್ಯೆ ಒಂದು ಲೋಟ ನೀರು ಕೊಟ್ಟಾರು, ಇವಳ ವಿಚಾರಣೆಯಲ್ಲಿ ಅದೂ ಇಲ್ಲ.

ದೊಡ್ಡವ್ವ ಎಂದರೆ ನನ್ನ ಅಮ್ಮನ ಅಕ್ಕ. ನರಸೀಪುರದ ಕಡೆಯ ಹಳ್ಳಿಯಿಂದ, ನಾನು ಹುಟ್ಟುವುದಕ್ಕೂ ಮೊದಲೇ, ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದವಳು ವಾಪಸು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾವು ಮಕ್ಕಳು ಕೇಳಲೂ ಇಲ್ಲ. ಹಂಡೆ, ಬಚ್ಚಲು, ದೊಡ್ಡವ್ವ, ಇವೆಲ್ಲ ಮನೆ ಕಟ್ಟುವಾಗಲೇ ಇದ್ದಿರಬೇಕು ಅಂದುಕೊಂಡಿದ್ದೆವು.

ಅವಳಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಚರ್ಮ ನೆನಪಿರುತ್ತಿತ್ತು. "ಯಾರು ಬಂದಿದ್ರು?" ಎಂದರೆ "ಅದೇ ಕಣಪ್ಪ, ಹಿಮ್ಮಡಿ ಒಡ್ಕಂಡೋನು" ಎನ್ನುತ್ತಿದ್ದಳು. ಮನೆಗೆ ಯಾರೇ ಬರಲಿ, ನಮಸ್ಕಾರಕ್ಕೂ ಮೊದಲು ಅವರ ಕೈ ಹಿಡಿದು ಮುಂಗೈ ಮೇಲೆ ಉಗುರಿನಿಂದ ಒಂದು ಗೀರು ಎಳೆಯುವಳು. ಬಿಳಿ ಗೆರೆ ಮೂಡಿತೋ, ಅವರು ಅಪರಾಧಿ! ಒಣಚರ್ಮದವರಿಗೆ ಅವಳ ಹತ್ತಿರ ಕ್ಷಮೆ ಇರಲಿಲ್ಲ. ಒಮ್ಮೆ ಓಟು ಕೇಳಲು ಬಂದ ಪುಢಾರಿಯೊಬ್ಬ ಕೈ ಮುಗಿದು ನಿಂತಿದ್ದ. ಮುಗಿದ ಕೈಯನ್ನೇ ಎಳೆದುಕೊಂಡು ಗೀರಿದಳು. ಗೆರೆ ಸುಣ್ಣ ಎಳೆದ ಹಾಗೆ ಎದ್ದಿತು.

"ನಿಮ್ ಮೈಗೇ ಒಂದ್ ತೊಟ್ಟು ಎಣ್ಣೆ ಕಾಣ್ಸಕ್ಕಾಗ್ನಿಲ್ಲ, ನಮ್ ರೋಡ್ಗೆ ಏನ್ ಡಾಂಬರು ಕಾಣುಸ್ತೀರಾ ಸ್ವಾಮಿ?"

ಆತ ನಗುತ್ತಲೇ ಹೋದ, ಗೆದ್ದ. ರಸ್ತೆಗೆ ಡಾಂಬರು ಇನ್ನೂ ಬಿದ್ದಿಲ್ಲ.

ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಸೆರೆವಾಸ. ಅಪ್ಪ, ಅಮ್ಮ, ಅಣ್ಣ, ನಾನು, ಎಲ್ಲರೂ ಹಿತ್ತಿಲಲ್ಲಿ ಸಾಲಾಗಿ ಕೂರಬೇಕು. ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲು ಹಿಡಿದು ದೊಡ್ಡವ್ವ ಬರುವಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದನ್ನು ನೋಡಿದರೇ ಸಾಕು, ಅಣ್ಣನಿಗೆ ಹೊಟ್ಟೆನೋವು ಬರುತ್ತಿತ್ತು. ಎಣ್ಣೆ ಹಚ್ಚುವುದೆಂದರೆ ಮೆಲ್ಲಗೆ ಸವರುವುದು ಎಂದು ನೀವು ತಿಳಿದಿದ್ದರೆ ನೀವು ಪುಣ್ಯವಂತರು. ಇವಳು ಮೂಳೆಗೇ ಹಚ್ಚುತ್ತಿದ್ದಳು, ಚರ್ಮ ಮಧ್ಯೆ ಇತ್ತು ಎಂದು ಅದಕ್ಕೂ ಒಂದಿಷ್ಟು ಸಿಗುತ್ತಿತ್ತು! ಆಮೇಲೆ ಸೀಗೆಪುಡಿ. ನನ್ನ ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅಗ್ರಹಾರದ ಸರ್ಕಲ್ಲಿನಲ್ಲಿ ಆಟೋದವರ ವಂಶವನ್ನೆಲ್ಲ ಉದ್ಧರಿಸಿ ಬಯ್ಯುವ ಗಂಡಸು. ಆ ಅಪ್ಪ ಟವೆಲ್ ಸುತ್ತಿಕೊಂಡು, "ಅಕ್ಕೋ, ಕಣ್ಣು! ಅಕ್ಕೋ, ಕಣ್ಣಕ್ಕೋ!" ಎಂದು ಕಿರುಚುವುದು ಬೀದಿ ಕೊನೆಯವರೆಗೂ ಕೇಳುತ್ತಿತ್ತು. ಸೋಮವಾರ ಮಾತ್ರ ಇಡೀ ಡಿಪೋದಲ್ಲಿ ಅಪ್ಪನೊಬ್ಬನೇ ಮಿರಮಿರ ಮಿಂಚುತ್ತಿದ್ದ.

ಇಷ್ಟಾಗಿದ್ದರೆ ನಾನೂ ನಗುತ್ತಿದ್ದೆ. ನಿಮ್ಮ ಹಾಗೆ ದೂರದಲ್ಲಿ ಕೂತು, ಪಾಪ, ಎಂಥ ಮುದ್ದಾದ ಮುದುಕಿ ಎನ್ನುತ್ತಿದ್ದೆ. ಆದರೆ ಮಿಕ್ಕವರಿಗೆ ಎಣ್ಣೆ ಹಚ್ಚುತ್ತಿದ್ದುದು ಮೈ ಸೊಂಪಾಗಿರಲಿ ಎಂದು. ನನಗೆ ಹಚ್ಚುತ್ತಿದ್ದುದು ಬಣ್ಣ ಹೋಗಲಿ ಎಂದು. ನಾನು ಕಪ್ಪು. ಎಣ್ಣೆಗೆಂಪು, ಕೃಷ್ಣವರ್ಣ ಎಂದೆಲ್ಲ ನಯವಾಗಿ ಹೇಳುವುದಕ್ಕೆ ನಾನೇನು ಮದುವೆ ಜಾಹೀರಾತು ಬರೆಯುತ್ತಿಲ್ಲವಲ್ಲ! ಮಿಕ್ಕವರ ಸ್ನಾನ ಮುಗಿದು ಅವರು ದೋಸೆ ತಿನ್ನುತ್ತಿರುವಾಗ ನಾನಿನ್ನೂ ಹಿತ್ತಿಲಲ್ಲೇ. ಕಡಲೆಹಿಟ್ಟು, ಹೆಸರುಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿದ ಲೇಪ ಮುಖದ ಮೇಲೆ ಒಣಗಿ ಬಿರಿಯುತ್ತಿರುವುದು. ಮಾತಾಡಿದರೆ ಲೇಪ ಒಡೆಯುತ್ತದೆ, ಆದ್ದರಿಂದ ಮಾತಾಡಬಾರದು. ನನ್ನ ಬಾಲ್ಯದ ಭಾನುವಾರಗಳೆಲ್ಲ ಹೀಗೆ ಬಾಯಿ ಮುಚ್ಚಿಕೊಂಡೇ ಕಳೆದವು. ತೊಳೆದ ಮೇಲೆ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುವಳು. "ಒಸಿ ತಿಳಿಯಾದಂಗದೆ" ಎನ್ನುವಳು. ಎಲ್ಲಿಯ ತಿಳಿ! ಅಷ್ಟು ತಿಕ್ಕಿದರೆ ಎಮ್ಮೆಯೂ ಒಂದು ಗಳಿಗೆ ಕೆಂಪಗಾಗುತ್ತದೆ.

ಈ ಲೇಪದ ಕೀರ್ತಿ ಜಗತ್ತಿಗೆ ತಿಳಿದದ್ದು ನನ್ನನ್ನು ನೋಡಲು ಮೊದಲ ಗಂಡಿನ ಕಡೆಯವರು ಬಂದ ದಿನ. ದೊಡ್ಡವ್ವ ಬೆಳಿಗ್ಗೆಯೇ ಒಂದು ದೊಡ್ಡ ಪಾತ್ರೆಯ ತುಂಬ ಲೇಪ ಕಲಸಿದ್ದಳು. ಆ ದಿನ ಮುಖಕ್ಕಷ್ಟೇ ಸಾಲದು, ಕೈಕಾಲಿಗೂ ಬೇಕಲ್ಲ! ಕೆನೆಯ ಬದಲು ನೀರು, ಮೇಲಿಂದ ಒಣಗಿದ ಗುಲಾಬಿ ದಳದ ಪುಡಿ. ನನಗೆ ಬಳಿದು ಮಿಕ್ಕದ್ದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸೀರೆ ಬದಲಿಸಲು ಹೋದಳು. ಅಷ್ಟರಲ್ಲಿ ಗಂಡಿನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಅಮ್ಮನಿಗೆ ಕೈಕಾಲು ಆಡಲಿಲ್ಲ. ಕಟ್ಟೆಯ ಮೇಲೆ ಹಳದಿ ಹಿಟ್ಟು ಕಂಡಿತು. ಅಕ್ಕ ಬಜ್ಜಿಗೆ ಕಲಸಿಟ್ಟಿದ್ದಾಳೆ, ಎಷ್ಟು ಮುಂದಾಲೋಚನೆ ಎಂದುಕೊಂಡಳು. ಉಪ್ಪು, ಖಾರದಪುಡಿ ಸೇರಿಸಿ, ಬಾಳೆಕಾಯಿ ಅದ್ದಿ, ಕಾದ ಎಣ್ಣೆಗೆ ಬಿಟ್ಟೇ ಬಿಟ್ಟಳು!

ನಾನು ಕಾಫಿ ತಟ್ಟೆ ಹಿಡಿದು ಬಂದಾಗ ಗಂಡಿನ ತಾಯಿ ಬಜ್ಜಿ ಮೆಲ್ಲುತ್ತಿದ್ದರು. "ಏನೋ ಒಂಥರಾ ಘಮ ಅಂತದಲ್ರೀ!" ಎಂದು ಇನ್ನೊಂದು ತೆಗೆದುಕೊಂಡರು. ದೊಡ್ಡವ್ವ ಬಾಗಿಲಲ್ಲಿ ನಿಂತು ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಮುಖಕ್ಕೆ ಹಚ್ಚಿದ್ದನ್ನು ಅವರು ಮನೆಮಂದಿಯೆಲ್ಲ ಚಪ್ಪರಿಸಿಕೊಂಡು ತಿಂದರು. ಮುಖ ಮಾತ್ರ ಅವರಿಗೆ ಹಿಡಿಸಲಿಲ್ಲ. ಆ ಸಂಜೆ ಫೋನು ಬಂತು. "ಹುಡ್ಗಿ ಲಕ್ಷಣವಾಗವ್ಳೆ, ಆದ್ರೆ ಬಣ್ಣ ಒಸಿ ಕಮ್ಮಿಯಾಯ್ತು. ಅದಿರ್ಲಿ, ಬಜ್ಜಿಗೆ ಏನಾಕಿದ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಂದಿಗೂ ಮದುವೆ ಮುಂಜಿಗಳಲ್ಲಿ ಅಣ್ಣ ಆ ಕಥೆ ಹೇಳಿ ಜನರನ್ನು ನಗಿಸುತ್ತಾನೆ. ನಾನೂ ನಗುತ್ತೇನೆ, ನಗದೆ ಇದ್ದರೆ ಮುಖ ಗಂಟು ಹಾಕಿಕೊಂಡಳು ಎನ್ನುತ್ತಾರೆ. ಆ ದಿನ ಬಚ್ಚಲಲ್ಲಿ ಕೂತು ಅತ್ತದ್ದು ಯಾರ ಕಥೆಯಲ್ಲೂ ಇಲ್ಲ. ಕೊನೆಗೆ ನನ್ನನ್ನು ಒಪ್ಪಿದವರು ಬಜ್ಜಿ ಮುಟ್ಟದ ಮನುಷ್ಯ, ಅವರಿಗೆ ಆ್ಯಸಿಡಿಟಿ. ಧಾರೆಯ ಹೊತ್ತಿನಲ್ಲಿ, ಗಟ್ಟಿಮೇಳದ ಮಧ್ಯೆ, ದೊಡ್ಡವ್ವ ಅವರ ಕೈಯನ್ನೂ ಗೀರಿ ನೋಡಿ, "ಗಂಡು ಒಣ್ಗೋಗದೆ ಕಣ್ರೀ" ಎಂದು ಮಂಟಪಕ್ಕೆಲ್ಲ ಸಾರಿದಳು.

ನಾನು ಸಿದ್ಧಾರ್ಥನಗರದ ಗಂಡನ ಮನೆಗೆ ಬಂದೆ. ನನ್ನ ಚರ್ಮ ನನಗೆ ಬಿಡುಗಡೆಯಾಗಿ ಸಿಕ್ಕಿತು. ಈಗ ನಮ್ಮ ಬಚ್ಚಲ ಗೂಡಿನಲ್ಲಿ ಸನ್‌ಸ್ಕ್ರೀನು, ಮಾಯಿಶ್ಚರೈಸರು, ಗಂಡನ ಒಡೆದ ಹಿಮ್ಮಡಿಗೆ ಒಂದು ಮುಲಾಮು. ದೊಡ್ಡವ್ವ ಬಂದಾಗಲೆಲ್ಲ ಒಂದೊಂದನ್ನೂ ಮೂಸಿ, "ಥೂ, ಪೆನಾಯ್ಲು" ಎಂದು ಇಡುತ್ತಿದ್ದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನನಗೊಬ್ಬಳು ಮಗಳು ಹುಟ್ಟಿದಳು, ಅಚ್ಚು ನನ್ನದೇ ಬಣ್ಣ. ಅವಳ ಮುಂದೆ ಬಣ್ಣದ ಮಾತು ಎತ್ತಕೂಡದು ಎಂದು ಮನೆಮಂದಿಗೆಲ್ಲ ಮೊದಲೇ ಹೇಳಿಟ್ಟಿದ್ದೆ. ಹಾಗೆಯೇ ಅವಳು ಐದನೇ ಕ್ಲಾಸಿನವರೆಗೆ ಬಂದಳು, ತಾನು ಯಾವ ಬಣ್ಣ ಎಂದು ಯೋಚನೆಯೇ ಇಲ್ಲದೆ. ಆ ಸುಖ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಹೋದ ವರ್ಷ ಸ್ಕೂಲ್ ಡೇ ಬಂತು. ಮಗಳು ಡಾನ್ಸಿನಲ್ಲಿದ್ದಳು, ಹಿಂದಿನ ಸಾಲಿನಲ್ಲಿ. ಶನಿವಾರ ಅಮ್ಮನ ಮನೆಗೆ ಹೋದವಳು ಅದನ್ನು ದೊಡ್ಡವ್ವನಿಗೆ ಹೇಳಿದ್ದಾಳೆ. ಸಂಜೆ ನಾನು ಕರೆದುಕೊಂಡು ಬರಲು ಹೋದರೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮುಖದ ತುಂಬ ಹಳದಿ ಲೇಪ. ಒಡೆಯಬಾರದೆಂದು ತುಟಿ ಅಲ್ಲಾಡಿಸದೆ ಕೇಳಿದಳು.

"ಅಮ್ಮ, ಇದು ಹಚ್ಕೊಂಡ್ರೆ ನನ್ನ ಮುಂದಿನ ಸಾಲಲ್ಲಿ ನಿಲ್ಲಿಸ್ತಾರಂತೆ. ಹೌದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ನಲ್ಲಿಯ ಕೆಳಗೆ ಅವಳ ಮುಖ ತೊಳೆದು, ದೊಡ್ಡವ್ವನ ಕೈಯಲ್ಲಿದ್ದ ಬಟ್ಟಲು ಕಿತ್ತು ಮೋರಿಗೆ ಸುರಿದೆ.

"ನನ್ನ ಉಜ್ಜಿದ್ದು ಸಾಕಾಗ್ಲಿಲ್ವಾ ನಿಂಗೆ? ಇನ್ಮೇಲೆ ನನ್ನ ಮಗಳ ಮೈ ಮುಟ್ಟಬೇಡ!"

"ಕಪ್ಪು ಅಂತ ನಾನಾದ್ರೆ ಮನೆ ಒಳ್ಗೆ ಅಂತೀನಿ ಕಣವ್ವ. ಊರೋರು ಬೀದೀಲಿ ಅಂತಾರೆ" ಎಂದಳು ದೊಡ್ಡವ್ವ. "ನನ್ನ ಆಷಾಢ್ಕೆ ಅಂತ ತವ್ರಿಗೆ ಕಳ್ಸುದ್ರು. ಒಸ ಮದ್ವೆ ಹೆಣ್ಣು. ಶ್ರಾವಣ್ದಲ್ಲಿ ಕರ್ಕೊಂಡೋಗಾಕೆ ಯಾರೂ ಬರ್ನಿಲ್ಲ. ಕೇಳುಸ್ದುದ್ಕೆ, ಕಪ್ಪಗವ್ಳೆ, ಮಗ ಒಲ್ಲೆ ಅಂತಾನೆ ಅಂದ್ರು. ತವ್ರಲ್ಲೇ ಉಳ್ಕಂಡೆ, ನಿಮ್ಮವ್ವುನ್ ಮದ್ವೆ ಆದ್ಮೇಲೆ ಇಲ್ಲಿಗ್ ಬಂದೆ. ಆವತ್ತಿಂದ ಎಲ್ರಿಗೂ ಉಜ್ತಾನೇ ಇವ್ನಿ."

ಅವಳು ಯಾಕೆ ವಾಪಸು ಹೋಗಲಿಲ್ಲ ಎಂದು ಗೊತ್ತಾದದ್ದು ನನಗೆ ಆಗಲೇ. ಕರಗಬೇಕಿತ್ತೇನೋ. ಕರಗಲಿಲ್ಲ.

"ಅಷ್ಟು ನೋವು ತಿಂದೋಳು ನನಗ್ಯಾಕೆ ಅದನ್ನೇ ಮಾಡಿದೆ?" ಎಂದೆ.

ದೊಡ್ಡವ್ವ ನನ್ನ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡು ನಲ್ಲಿಯ ಕೆಳಗೆ ತೊಳೆಯತೊಡಗಿದಳು. ನಾನು ಹೇಳಿದ್ದು ತಪ್ಪು ಎಂದು ಇಂದಿಗೂ ನನಗೆ ಅನ್ನಿಸಿಲ್ಲ. ಮಗಳು ಹಿಂದಿನ ಸಾಲಿನಲ್ಲೇ ಕುಣಿದಳು. ಆದರೆ ಮನೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಲ್ಲಲು ಶುರುಮಾಡಿದಳು, ನನ್ನ ಕೈಯ ಪಕ್ಕ ತನ್ನ ಕೈ ಇಟ್ಟು ನೋಡಲು ಶುರುಮಾಡಿದಳು. ಆಗೆಲ್ಲ ದೊಡ್ಡವ್ವನ ಮೇಲೆ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು. ಅವಳು ಸಿದ್ಧಾರ್ಥನಗರಕ್ಕೆ ಬರುವುದನ್ನು ನಿಲ್ಲಿಸಿದಳು. ನಾನೂ ಬಾ ಎನ್ನಲಿಲ್ಲ.

ಈ ಸಲದ ದೀಪಾವಳಿಗೆ ಅಮ್ಮನ ಮನೆಗೆ ಹೋಗಲೇಬೇಕಾಯಿತು. ಹೋಗಿ ನೋಡಿದರೆ ದೊಡ್ಡವ್ವನ ಬಲಗೈ ಪ್ಲಾಸ್ಟರಿನಲ್ಲಿ! ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಯಾವುದರ ಮೇಲೆ ಎಂದುಕೊಂಡಿರಿ? ತಾನೇ ಚೆಲ್ಲಿದ ಹರಳೆಣ್ಣೆಯ ಮೇಲೆ! ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಹಬ್ಬದ ಬೆಳಿಗ್ಗೆ ಮನೆಯವರಿಗೆಲ್ಲ ಅಮ್ಮ ಎಣ್ಣೆ ಹಚ್ಚಿದಳು. ನನ್ನ ಗಂಡನಿಗೆ, ಅಪ್ಪನಿಗೆ, ನನಗೆ. ದೊಡ್ಡವ್ವ ಹಿತ್ತಿಲ ಬಾಗಿಲಲ್ಲಿ ಕೂತು ನೋಡುತ್ತಿದ್ದಳು, "ಅಲ್ಲಲ್ಲ, ಒತ್ತಿ ಒತ್ತಿ" ಎಂದು ಎಡಗೈಯಲ್ಲೇ ಗಾಳಿಯನ್ನು ತಿಕ್ಕುತ್ತಿದ್ದಳು. ನನ್ನ ಮಗಳ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಎಲ್ಲರದ್ದೂ ಆಗುವ ಹೊತ್ತಿಗೆ ಅಮ್ಮನಿಗೆ ಸೊಂಟ ಹಿಡಿದುಕೊಂಡಿತು. ದೊಡ್ಡವ್ವ ಉಳಿದಳು.

"ಬಾ, ಕೂತ್ಕೋ. ನಾನೇ ಹಚ್ತೀನಿ" ಎಂದೆ. ಪ್ರೀತಿಯಿಂದಲ್ಲ, ಕೆಲಸ ಮುಗಿಯಲಿ ಎಂದು.

"ಬ್ಯಾಡ ಬುಡವ್ವ. ಒಂದ್ ಚೊಂಬು ನೀರುಯ್ಕತೀನಿ."

"ಹಬ್ಬದ ದಿನ ರಗಳೆ ಮಾಡಬೇಡ, ಕೂತ್ಕೋ."

ಕೂತಳು. ತೋಳು, ಕುತ್ತಿಗೆ, ಪಾದ, ಎಲ್ಲ ಈ ವಯಸ್ಸಿನಲ್ಲೂ ನುಣ್ಣಗೆ. ನನ್ನ ಚರ್ಮಕ್ಕಿಂತ ಚೆನ್ನಾಗಿತ್ತು ಎಂದು ಹೊಟ್ಟೆಯುರಿಯಿತು. ಕುಪ್ಪಸ ಬಿಡಿಸಿ ಬೆನ್ನಿಗೆ ಕೈ ಹಾಕಿದೆ. ಎರಡು ಭುಜದ ಮೂಳೆಗಳ ನಡುವೆ, ಅಂಗೈಯಗಲದ ಜಾಗದಲ್ಲಿ, ಚರ್ಮ ಒಣಗಿ, ಪದರು ಎದ್ದು, ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಕೆರೆದುಕೊಂಡ ಹಳೆಯ ಗುರುತುಗಳೂ ಇದ್ದವು.

"ಇದೇನು ದೊಡ್ಡವ್ವ, ಇಲ್ಲಿ ಹೀಗಾಗಿದೆ?"

"ಅಲ್ಲಿಗೆ ಕೈ ಎಟುಕಾಕಿಲ್ಲ ಕಣವ್ವ."

"ಯಾರ ಕೈಲಾದ್ರೂ ಹಚ್ಚಿಸ್ಕೋಬಾರ್ದಿತ್ತಾ?"

"ಯಾರ್ಗೇಳ್ಳಿ? ನನ್ ಕೈಯಿಂದ ಬುಡ್ಸ್ಕಂಡ್ರೆ ಸಾಕು ಅಂತ ಎಲ್ರೂ ಓಡೋಗೋರು." ನಕ್ಕಳು. ನನಗೆ ನಗು ಬರಲಿಲ್ಲ.

ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಆ ಜಾಗದ ಮೇಲೆ ಇಟ್ಟೆ. ಒತ್ತಲು ಧೈರ್ಯ ಬರಲಿಲ್ಲ. ಎಷ್ಟು ಹಾಕಿದರೂ ಕುಡಿಯುತ್ತಿತ್ತು. ದೊಡ್ಡವ್ವ ತಲೆ ತಗ್ಗಿಸಿ, ಜೀವಮಾನದಲ್ಲಿ ಮೊದಲ ಸಲ ಹೀಗೆ ಮಾಡು ಹಾಗೆ ಮಾಡು ಎನ್ನದೆ ಕೂತಿದ್ದಳು. ಆಮೇಲೆ, ತಿರುಗದೆಯೇ, ಮೆಲ್ಲಗೆ ಕೇಳಿದಳು.

"ಮಗೀಗೆ ಒಸಿ ಎಣ್ಣೆ ಮುಟ್ಟುಸ್ಲಾ? ಬಣ್ಣುಕ್ಕಲ್ಲ ಕಣವ್ವ. ಹಬ್ಬುಕ್ಕೆ."

ಮಗಳನ್ನು ಕೂಗಿ ಅವಳ ಮುಂದೆ ಕೂರಿಸಿದೆ. ದೊಡ್ಡವ್ವ ಎಡಗೈಯ ಬೆರಳನ್ನು ಬಟ್ಟಲಿಗೆ ಅದ್ದಿ ಮಗುವಿನ ನೆತ್ತಿಗೆ ಮುಟ್ಟಿಸಿದಳು, ಕೆನ್ನೆಗೆ ಮುಟ್ಟಿಸಿದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ನಾನು ಕೈ ನಿಲ್ಲಿಸಿದೆ. "ಅಚ್ಚು ನನ್ನಂಗೇ ಅವ್ಳೆ, ನೋಡು" ಎಂದಳು ದೊಡ್ಡವ್ವ, ಬಹಳ ದೊಡ್ಡ ಆಸ್ತಿಯೊಂದು ಕೈಗೆ ಬಂದವಳ ಹಾಗೆ. ಮಗಳು ನಾಚಿಕೊಂಡು ನಕ್ಕಳು. ನಾನು ಮತ್ತೆ ಎಣ್ಣೆ ಸುರಿದುಕೊಂಡು ದೊಡ್ಡವ್ವನ ಬೆನ್ನು ತಿಕ್ಕುತ್ತ ಕೂತೆ.