ಮಾಮಾನ ‘ಆಲ್ದೋ’

ನಮ್ಮ ಮಾಮಾನಿಂದ ಹೊಗಳಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ಮೇಲು! ಬೈಗುಳವನ್ನು ಒಂದು ದಿನದಲ್ಲಿ ಮರೆಯಬಹುದು. ಅವರ ಹೊಗಳಿಕೆಯನ್ನು ಮಾತ್ರ ಓಣಿಯವರು ವರ್ಷಗಟ್ಟಲೆ ನೆನಪಿಡುತ್ತಾರೆ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಗಜೇಂದ್ರಗಡದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಶಾಲೆ ಬಿಟ್ಟರೂ ‘ಆದರೂ’ ಎನ್ನುವ ಇಂಗ್ಲಿಷಿನ ‘ಆಲ್ದೋ’ ಬಿಡಲಿಲ್ಲ. ಯಾರನ್ನೇ ಹೊಗಳಲಿ, ಇಂಗ್ಲಿಷಿನಲ್ಲೇ ಹೊಗಳಬೇಕು. ‘ಆಲ್ದೋ’ ಎಂದು ಶುರುಮಾಡಿ ಮೊದಲು ಒಂದು ಕೊರತೆಯನ್ನು ಎತ್ತಿ ಆಡಲೇಬೇಕು. ತಮ್ಮ ಹೆಂಡತಿ, ಅಂದರೆ ನಮ್ಮ ಅತ್ತೆ ಮಾಡಿದ ಎಣ್ಣೆಗಾಯಿ ಉಂಡು, “ಆಲ್ದೋ ದ ಸಾಲ್ಟ್ ಈಸ್ ಆಬ್ಸೆಂಟ್, ದ ಬದನಿಕಾಯಿ ಈಸ್ ಎಕ್ಸಲೆಂಟ್!” ಎನ್ನುವರು. ಇಂಗ್ಲಿಷ್ ಬಾರದ ಅತ್ತೆ, “ಏನಂತ?” ಎಂದು ನನ್ನ ಮುಖ ನೋಡುವರು. “ಬದನಿಕಾಯಿ ಭಾಳ ಚಲೋ ಆಗೇತಂತ, ಅತ್ತಿ” ಎಂದು ನಾನು ಉಪ್ಪಿನ ಸಂಗತಿಯನ್ನು ನುಂಗಿಬಿಡುತ್ತಿದ್ದೆ.

“ಮಾಮಾ, ಬರೇ ಚಲೋದಷ್ಟ ಹೇಳಿದ್ರ ಏನಾಗ್ತೈತಿ?” ಎಂದು ಒಮ್ಮೆ ಕೇಳಿದೆ.

“ಹುಚ್ಚಿ, ಬರೇ ಹೊಗಳಿದ್ರ ಯಾರ ನಂಬ್ತಾರ? ಮೊದಲ ಕೊರತಿ ಹೇಳಬೇಕು. ಕಡೀಕ ಹೇಳಿದ್ದು ಕಿವ್ಯಾಗ ಉಳೀತೈತಿ!”

ಉಳಿಯುವುದು ಮೊದಲು ಹೇಳಿದ್ದೇ ಎಂದು ಅವರಿಗೆ ಹೇಳುವವರು ಯಾರು?

ನನ್ನನ್ನು ನೋಡಲು ನರಗುಂದದಿಂದ ಗಂಡಿನವರು ರೋಣದ ನಮ್ಮ ಮನೆಗೆ ಬಂದ ದಿನ, ಅವ್ವ ಮಾಮಾನ ಕೈ ಹಿಡಿದು, “ಅಣ್ಣಾ, ಇವತ್ತೊಂದಿನ ಬಾಯಾಗ ಅಡಿಕಿ ಹಾಕ್ಕೊಂಡ್ ಸುಮ್ಮ ಕುಂದ್ರಪಾ” ಎಂದು ಬೇಡಿಕೊಂಡಿದ್ದಳು. ಕೂತಿದ್ದರು, ಪಾಪ. ಆದರೆ ಗಂಡಿನ ತಂದೆಯೇ, “ಹುಡುಗಿ ಹ್ಯಾಂಗ್ರಿ, ಮಾಸ್ತರ?” ಎಂದು ಕೇಳಬೇಕೆ!

ಮಾಮಾ ಎದ್ದೇ ನಿಂತರು. “ಆಲ್ದೋ ಶೀ ಈಸ್ ಶಾರ್ಟ್ ಟೆಂಪರ್ಡ್, ಶೀ ಈಸ್ ಗೋಲ್ಡ್. ಆಲ್ದೋ ಶೀ ಬರ್ನ್ಸ್ ದ ರೊಟ್ಟಿ, ಶೀ ಅಡ್ಮಿಟ್ಸ್ ಇಟ್!”

“ಏನಂದ್ರು?” ತಂದೆ ಮಗನ ಕಡೆ ತಿರುಗಿದರು.

ಹುಡುಗ ನಗು ತಡೆದುಕೊಂಡು, “ಸಿಟ್ಟು ಭಾಳಂತ, ಆದ್ರ ಬಂಗಾರದಂಥಾಕಿ. ರೊಟ್ಟಿ ಸುಡ್ತಾಳಂತ, ಆದ್ರ ಸುಟ್ಟೇನಿ ಅಂತ ಒಪ್ಕೋತಾಳಂತ” ಎಂದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ಕಲ್ಲಾದೆ.

ಗಂಡಿನ ತಂದೆ ಗಹಗಹಿಸಿ ನಕ್ಕರು. “ನಾಲ್ಕ ಮನಿ ನೋಡಿ ಬಂದೇವ್ರಿ. ಎಲ್ಲೆ ಹೋದ್ರೂ ಹುಡುಗಿ ಸಾಕ್ಷಾತ್ ಲಕ್ಷ್ಮೀನ! ಖರೇ ಹೇಳಿದವ್ರು ನೀವೊಬ್ರ.”

ಮದುವೆ ಗಟ್ಟಿಯಾಯಿತು! ಆ ಹುಡುಗನನ್ನು ಮಾಮಾ ಇಂದಿಗೂ “ಆಲ್ದೋ ಬಾಲ್ಡ್, ಬ್ರಿಲಿಯಂಟ್” ಎಂದೇ ಪರಿಚಯಿಸುವುದು. ಬೋಳುತಲೆಗೆ ಸಭೆಯಲ್ಲಿ ಸನ್ಮಾನ!

ಹೋದ ವರ್ಷ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ದವಾಖಾನೆಯಲ್ಲಿ ಮಾಮಾ ಅತ್ತೆಯ ಪಕ್ಕದಲ್ಲೇ ಕೂತಿದ್ದರು. ಪಟ್ಟಿ ಬಿಚ್ಚಿದಾಗ ಅತ್ತೆ ಕಣ್ಣು ಪಿಳುಕಿಸಿ, ಮೊದಲು ಅವರನ್ನೇ ನೋಡಿದರು.

“ಅಯ್ಯ, ಎಷ್ಟ್ ಮುದುಕ ಆಗೀರಿ ನೀವು!” ಎಂದು ಸ್ವಲ್ಪ ತಡೆದು, “ಆದ್ರೂ ಚಲೋ ಕಾಣ್ತೀರಿ” ಎಂದರು.

ಮಾಮಾ ಅತ್ತೆಯ ಸೆರಗಿನ ತುದಿಯಿಂದಲೇ ಕಣ್ಣೊರೆಸಿಕೊಂಡರು.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅತ್ತೆ ಜೋಳದ ಹೊಲ, ಗುಡ್ಡದ ಮೇಲಿನ ಗಾಳಿಪಂಖ, ಒಂದೊಂದನ್ನೂ ಕೈಮಾಡಿ ತೋರಿಸುತ್ತ, “ನೋಡ್ರಿ, ನೋಡ್ರಿ!” ಎನ್ನುತ್ತಿದ್ದರು. ಮಾಮಾ ಕಿಟಕಿಯಾಚೆ ನೋಡಲೇ ಇಲ್ಲ. ಊರು ಬರುವ ತನಕ ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದರು.