ನೀರು ಮಾರುವ ವಿಮಾನ

ನಮ್ಮ ಮೂಡುಬಿದಿರೆಯ ಕಡೆ ಒಂದು ವಿಚಿತ್ರ ನ್ಯಾಯವಿದೆ. ಯಾರು ಎಲ್ಲಿ ಕೆಲಸಕ್ಕೆ ಸೇರುತ್ತಾರೋ, ಆ ಇಡೀ ಸಂಸ್ಥೆಯ ಪಾಪಗಳೆಲ್ಲ ಅಂದಿನಿಂದ ಅವರ ತಲೆಗೆ. ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತನಾದವನ ಮನೆಗೆ, ಊರಲ್ಲಿ ಕರೆಂಟು ಹೋದ ಕೂಡಲೇ ಫೋನು ಬರುತ್ತದೆ. ಬ್ಯಾಂಕಿನಲ್ಲಿರುವವನನ್ನು ಮದುವೆಯ ಊಟದ ಪಂಕ್ತಿಯಲ್ಲಿ ಹಿಡಿದು, ಎಟಿಎಮ್ಮು ಯಾಕೆ ಕೆಟ್ಟಿದೆ ಎಂದು ವಿಚಾರಿಸುತ್ತಾರೆ. ಆ ಪುಣ್ಯಾತ್ಮ ಕೈಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನ ಅಪ್ಪ ಇದ್ದಾನಲ್ಲ. ಅಪ್ಪ ಯಾವಾಗಲೂ ಸಿಗುತ್ತಾನೆ. ಅದರಲ್ಲೂ ನಿವೃತ್ತನಾದ ಅಪ್ಪ ಬೆಳಗ್ಗೆ ಹಾಲು ತರುವಲ್ಲಿ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ನಡುವೆ ಮನೆಯ ಜಗಲಿಯಲ್ಲಿ ಧಾರಾಳವಾಗಿ ಸಿಗುತ್ತಾನೆ. ನಾನು ಅಂಥ ಅಪ್ಪ. ನನ್ನ ಮಗಳು ಅನ್ವಿತಾ ಕಡಿಮೆ ದರದ ವಿಮಾನ ಕಂಪೆನಿಯೊಂದರಲ್ಲಿ ಪೈಲಟ್. ಹಾಗಾಗಿ ಆ ಕಂಪೆನಿಯ ದೂರು ಸ್ವೀಕಾರ ಕೇಂದ್ರ ನನ್ನ ಜಗಲಿಯಲ್ಲಿ, ಸಂಬಳವಿಲ್ಲದೆ, ರಜೆಯಿಲ್ಲದೆ ನಡೆಯುತ್ತಿದೆ. ನನಗೆ ಸಿಟ್ಟು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಇದನ್ನು ಬರೆಯುತ್ತಿರುವುದೇ ಸಿಟ್ಟಿನಲ್ಲಿ.

ಉದಾಹರಣೆಗೆ ಬೆಳುವಾಯಿಯ ಸಂಜೀವಣ್ಣನನ್ನು ತೆಗೆದುಕೊಳ್ಳಿ. ಗದ್ದೆ, ತೋಟ, ಎರಡು ಜರ್ಸಿ ದನ ಇಟ್ಟುಕೊಂಡು ಗೌರವದಿಂದ ಬದುಕುತ್ತಿರುವ ಮನುಷ್ಯ. ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಮೊದಲ ಬಾರಿ ಮುಂಬೈಗೆ ವಿಮಾನದಲ್ಲಿ ಹೋಗಿ ಬಂದರು. ಬಂದವರು ಮನೆಗೂ ಹೋಗದೆ, ಕೈಯಲ್ಲಿ ಚೀಲ ಹಿಡಿದುಕೊಂಡೇ ನನ್ನ ಜಗಲಿಯೇರಿದರು. "ಎಂತ ಮಾಸ್ಟ್ರೇ, ನಿಮ್ಮ ಮಗಳ ವಿಮಾನದಲ್ಲಿ ನೀರಿಗೆ ದುಡ್ಡು ಕೇಳ್ತಾರಲ್ಲ! ಬಾಯಾರಿ ಬಂದವನಿಗೆ ನೀರು-ಬೆಲ್ಲ ಕೊಡುವ ಊರಿನ ಹುಡುಗಿ ಅಲ್ವಾ ಅವಳು?" ಎಂದರು. ಮಗಳು ಇರುವುದು ವಿಮಾನದ ಮುಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ನೀರು ಮಾರುವುದು ಅವಳ ಕೆಲಸವಲ್ಲ ಎಂದು ನಾನು ವಿವರಿಸಿದೆ. "ಮನೆ ಯಜಮಾನ್ತಿ ಬಾಗಿಲು ಹಾಕಿ ಒಳಗೆ ಕೂತರೆ ಹೀಗೇ ಆಗುವುದು" ಎಂದರು ಅವರು. ಆ ರಾತ್ರಿ ಮಗಳಿಗೆ ಫೋನು ಮಾಡಿದಾಗ, ಮಾರುವುದು ಬಾಟಲಿ ನೀರು, ಕೇಳಿದರೆ ಲೋಟದಲ್ಲಿ ಸುಮ್ಮನೆ ಕೊಡುತ್ತಾರೆ ಎಂದಳು. ಗೆದ್ದೆನೆಂದುಕೊಂಡು ಮರುದಿನವೇ ಅದನ್ನು ಸಂಜೀವಣ್ಣನಿಗೆ ತಲುಪಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಹೋದ ಮನೆಯಲ್ಲಿ ನೀರು ಕೊಡಿ ಅಂತ ನಾವೇ ಕೇಳುವುದಾ ಮಾಸ್ಟ್ರೇ?" ಎಂದರು. ಇದಕ್ಕೆ ಏನು ಉತ್ತರ ಕೊಡಬೇಕೋ ಆ ಕಂಪೆನಿಯವರೇ ಬಂದು ಹೇಳಲಿ.

ಸಂಜೀವಣ್ಣನಾದರೂ ಹೊರಗಿನವರು. ನನ್ನ ಹೆಂಡತಿ ವಿಮಲಳ ಅಣ್ಣ, ಫರಂಗಿಪೇಟೆಯ ಜಗನ್ನಾಥ ಭಾವ, ಮನೆಯವರು. ಗಲ್ಫಿನಲ್ಲಿ ದುಡಿದು ಬಂದು ಈಗ ಮಗನನ್ನು ಅಲ್ಲಿಗೆ ಕಳುಹಿಸಿರುವವರು. ವರ್ಷಕ್ಕೊಮ್ಮೆ ಮಗನನ್ನು ನೋಡಲು ಹೊರಡುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಒಣಮೀನು ಎಲ್ಲವನ್ನೂ ಕಟ್ಟಿಕೊಳ್ಳುತ್ತಾರೆ. ಅದು ಪ್ರಯಾಣವೋ ಅಂಗಡಿ ಸ್ಥಳಾಂತರವೋ ನೋಡಿದವರಿಗೆ ತಿಳಿಯುವುದಿಲ್ಲ. ಹಾಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದು ದಂಡ ಹಾಕಿದರಂತೆ. ಭಾವ ಅಲ್ಲಿಂದಲೇ ನನಗೆ ಫೋನು ಮಾಡಿ, "ಅಲ್ಲ ಮಾರಾಯ, ನಿನ್ನ ಮಗಳಿಗೆ ಒಂದು ಮಾತು ಹೇಳ್ಲಿಕ್ಕೆ ಆಗ್ತಿರಲಿಲ್ವಾ? ಸ್ವಂತ ಸೋದರಮಾವನ ಹಪ್ಪಳವನ್ನು ತೂಕ ಮಾಡ್ತಾರಲ್ಲ!" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದರು. ಮಗಳು ಆಗ ಜೈಪುರದಲ್ಲಿದ್ದಳು. ಇನ್ನೊಬ್ಬ ಮಹಾಶಯರಂತೂ, ಹೆಸರೇ ತಿಳಿಯದು, ಬಸ್ ಸ್ಟ್ಯಾಂಡಿನಲ್ಲಿ ಪ್ಯಾಂಟು ಮೇಲೆತ್ತಿ ತಮ್ಮ ಮಂಡಿ ತೋರಿಸಿದರು. ಮುಂದಿನ ಸೀಟಿಗೆ ತಾಗಿ ತಾಗಿ ಹೀಗಾಯಿತಂತೆ. ಸುತ್ತ ನಿಂತ ಕಾಲೇಜು ಹುಡುಗರು ಆ ಮಂಡಿಯನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದರು.

ಹೀಗಿರುವಾಗ ಮಗಳು ನಾಲ್ಕು ದಿನದ ರಜೆಯಲ್ಲಿ ಊರಿಗೆ ಬಂದಳು. ಬಂದವಳು ಕಾಫಿ ಕುಡಿಯುತ್ತಾ, ದೇಶದ ದೊಡ್ಡ ವಿಮಾನ ಕಂಪೆನಿಯೊಂದು ತನ್ನನ್ನು ಕರೆದಿದೆ, ಸೋಮವಾರದೊಳಗೆ ಉತ್ತರ ಹೇಳಬೇಕು ಎಂದಳು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ದೊಡ್ಡ ಕಂಪೆನಿ! ದೊಡ್ಡ ವಿಮಾನ! ಕಡಲು ದಾಟಿ ಲಂಡನ್ನಿಗೆ, ಟೋಕಿಯೋಗೆ ಹೋಗುವಂಥದು! ಆದರೆ ಓದುಗರ ಹತ್ತಿರ ಮುಚ್ಚಿಡುವುದೇಕೆ, ನನ್ನ ಕಣ್ಣ ಮುಂದೆ ಬಂದದ್ದು ಲಂಡನ್ನಲ್ಲ. ಆ ಕಂಪೆನಿಯಲ್ಲಿ ನೀರು ಪುಕ್ಕಟೆ. ಊಟ ಪುಕ್ಕಟೆ, ಅದೂ ಬಿಸಿಬಿಸಿ. ಸೀಟು ಹಿಂದಕ್ಕೆ ಬಾಗುತ್ತದೆ. ಇನ್ನು ಯಾರ ಮಂಡಿಯನ್ನೂ ನಾನು ನೋಡಬೇಕಾಗಿಲ್ಲ.

ಮಗಳ ಮುಖದಲ್ಲಿ ಮಾತ್ರ ಅಷ್ಟೇನೂ ಬೆಳಕಿರಲಿಲ್ಲ. ವಿಷಯ ಹೀಗಿದೆಯೆಂದು ಅವಳು ಬಿಡಿಸಿ ಹೇಳಿದಳು. ವಿಮಾನದ ಮುಂದಿನ ಕೋಣೆಯಲ್ಲಿ ಇಬ್ಬರು ಕೂರುತ್ತಾರೆ. ಎಡಗಡೆಯವರು ಕ್ಯಾಪ್ಟನ್, ಬಲಗಡೆಯವರು ಅವರ ಸಹಾಯಕ ಪೈಲಟ್. ಇಬ್ಬರೂ ಹಾರಿಸಬಲ್ಲವರೇ, ಆದರೆ ಕೊನೆಯ ಮಾತು ಎಡಗಡೆಯದು. ಈಗಿನ ಕಂಪೆನಿಯಲ್ಲಿ ಅವಳಿಗೆ ಎಡಗಡೆಗೆ ಸರಿಯುವ ತರಬೇತಿ ಸದ್ಯದಲ್ಲೇ ಶುರುವಾಗುತ್ತದೆ. ದೊಡ್ಡ ಕಂಪೆನಿಗೆ ಹೋದರೆ ಹಿರಿತನದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲಬೇಕು. ಮುಂದಿನವರು ನಿವೃತ್ತರಾಗುತ್ತಾ ಹೋದಂತೆ ಒಂದೊಂದೇ ಹೆಜ್ಜೆ ಮುಂದೆ. ಅಲ್ಲಿಯವರೆಗೆ, ಎಷ್ಟು ವರ್ಷವೋ ಯಾರು ಬಲ್ಲರು, ಬಲಗಡೆ.

ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಭಾನುವಾರ ಬೆಳಗ್ಗೆ ಭಾವ ಫರಂಗಿಪೇಟೆಯಿಂದಲೂ ಸಂಜೀವಣ್ಣ ಬೆಳುವಾಯಿಯಿಂದಲೂ ಬಂದು ನನ್ನ ಜಗಲಿಯಲ್ಲಿ ಕೂತರು. ವಿಮಾನ ಹಾರಿಸುವವಳು ಒಬ್ಬಳು, ತೀರ್ಮಾನ ಹೇಳುವವರು ಮೂವರು. ನೀರ್‌ದೋಸೆ ಮುಗಿಯುವ ಮೊದಲೇ ದೊಡ್ಡ ಕಂಪೆನಿಯೆಂದು ಸರ್ವಾನುಮತದಿಂದ ಇತ್ಯರ್ಥವಾಯಿತು. "ಈಗ ಅವಳದ್ದು ಎಂತ ಕೆಲಸ? ದಿನಕ್ಕೆ ನಾಲ್ಕು ಸಲ ಏರುವುದು, ನಾಲ್ಕು ಸಲ ಇಳಿಯುವುದು. ಬಂಟ್ವಾಳ-ಬೆಳ್ತಂಗಡಿ ಸರ್ವಿಸ್ ಬಸ್ಸಿಗೂ ಅದಕ್ಕೂ ಎಂತ ವ್ಯತ್ಯಾಸ ಉಂಟು?" ಎಂದರು ಭಾವ.

"ವ್ಯತ್ಯಾಸ ಇಲ್ಲ ಮಾವ, ಸರ್ವಿಸ್ ಬಸ್ಸೇ" ಎಂದಳು ಮಗಳು ನಗುತ್ತಾ. "ಆದ್ರೆ ನಾಲ್ಕು ಸಲ ಇಳಿಸಿದ್ರೆ ಕೈ ಪಳಗ್ತದೆ. ದೊಡ್ಡ ವಿಮಾನದಲ್ಲಿ ರಾತ್ರಿಯಿಡೀ ಹೋಗಿ ಇಳಿಯುವುದು ಒಂದು ಸಲ. ಆ ಒಂದು ಇಳಿಸುವುದನ್ನೂ ಹೆಚ್ಚಾಗಿ ಇನ್ನೊಬ್ರು ಮಾಡ್ತಾರೆ. ನಾನು ಬಲಗಡೆ ಕೂತು ನೋಡ್ಬೇಕು."

"ಎಡಗಡೆ, ಬಲಗಡೆ ಅಂತ ಎಂತಕ್ಕೆ ತಲೆ ಕೆಡಿಸಿಕೊಳ್ಳುವುದು ಮಗಾ? ಎರಡೂ ಕಿಟಕಿ ಸೀಟೇ ಅಲ್ವಾ?" ಎಂದರು ಸಂಜೀವಣ್ಣ.

ಮಗಳು ಇನ್ನೊಂದು ದೋಸೆ ಹಾಕಿಸಿಕೊಂಡಳು. ನನಗೆ ಮೈ ಉರಿಯಿತು. ಅವರ ತೀರ್ಮಾನದ ಮೇಲಲ್ಲ, ಅದು ನನ್ನದೂ ಆಗಿತ್ತಲ್ಲ. ಅವರ ಕಾರಣಗಳ ಮೇಲೆ. ಒಬ್ಬರಿಗೆ ಮೂವತ್ತು ಕಿಲೋಗಿಂತ ಹೆಚ್ಚು ಹಪ್ಪಳ ಸಾಗಬೇಕು, ಇನ್ನೊಬ್ಬರಿಗೆ ಕೇಳದೆಯೇ ನೀರು ಸಿಗಬೇಕು. ಒಂದು ಹೆಣ್ಣುಮಗಳ ಇಡೀ ಬದುಕಿನ ಪ್ರಶ್ನೆಯನ್ನು ಇವರು ಊಟೋಪಚಾರದ ಮೇಲೆ ತೀರ್ಮಾನಿಸುವುದೆಂದರೇನು? ನನ್ನ ಕಾರಣವಾದರೋ ಉದಾತ್ತವಾದದ್ದು ಎಂದು ನಾನು ಅಷ್ಟು ಹೊತ್ತಿಗೆ ನಂಬಿಬಿಟ್ಟಿದ್ದೆ. ಜಗಲಿ ಮತ್ತು ಮಂಡಿಯ ವಿಷಯ ನನಗೆ ಮರೆತೇಹೋಗಿತ್ತು.

ಅವರಿಬ್ಬರೂ ಹೊರಟ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಪಾಠ ಮಾಡಿದ ಗಂಟಲು, ಸುಲಭದಲ್ಲಿ ಸುಮ್ಮನಾಗುವುದಿಲ್ಲ. "ನೋಡು ಮಗಾ, ಅವರು ಹೇಳಿದ್ದೆಲ್ಲ ಬಿಡು. ದೊಡ್ಡ ಸಂಸ್ಥೆ ಅಂದ್ರೆ ದೊಡ್ಡ ಸಂಸ್ಥೆಯೇ. ನನ್ನನ್ನೇ ತೆಗೆದುಕೋ. ಬೆಳ್ತಂಗಡಿಯ ಆಚೆ ಒಂದು ಸಣ್ಣ ಕಾಲೇಜಿನವರು ಮನೆಗೇ ಬಂದು, ಪ್ರಿನ್ಸಿಪಾಲರಾಗಿ ಬನ್ನಿ ಸಾರ್ ಅಂತ ಕರೆದಿದ್ರು. ಹಂಚಿನ ಮಾಡು, ನಾಲ್ಕು ಕೋಣೆ, ಮಳೆ ಬಂದ್ರೆ ಪಾಠ ಕೇಳಿಸುವುದಿಲ್ಲ. ನಾನು ಹೋದೆನಾ? ಇಲ್ಲ. ಇಷ್ಟು ದೊಡ್ಡ ಕಾಲೇಜಿನಲ್ಲಿ ವೈಸ್ ಪ್ರಿನ್ಸಿಪಾಲನಾಗಿಯೇ ಇದ್ದು ನಿವೃತ್ತನಾದೆ. ಇವತ್ತಿಗೂ ಆ ಹೆಸರು ಹೇಳಿದ್ರೆ ಜನ ಎದ್ದು ನಿಲ್ತಾರೆ" ಎಂದೆ. ಎದ್ದು ನಿಲ್ಲುವ ಜನ ಯಾರೆಂದು ಅವಳು ಕೇಳಲಿಲ್ಲ. ಅಡುಗೆಮನೆಯಲ್ಲಿ ವಿಮಲ ಯಾವುದೋ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮಗಳು ನನ್ನನ್ನೇ ನೋಡಿ, "ಹೌದು ಪಪ್ಪ, ನಿಮ್ಮನ್ನು ನೋಡಿಯೇ ನಾನು ತೀರ್ಮಾನ ಮಾಡಿದ್ದು" ಎಂದಳು.

ನನ್ನ ಎದೆ ಎಷ್ಟು ಉಬ್ಬಿತೆಂದರೆ ಬನಿಯನ್ ಬಿಗಿಯಾಯಿತು. ಈಗಿನ ಮಕ್ಕಳು ಅಪ್ಪಂದಿರ ಮಾತು ಕೇಳುವುದಿಲ್ಲ ಎನ್ನುವವರನ್ನು ಆ ಕ್ಷಣ ಕರೆದು ತೋರಿಸಬೇಕೆನಿಸಿತು. "ವಿಮಲಾ, ಕೇಳಿತಾ? ಪಾಯಸ ಮಾಡು" ಎಂದು ಕೂಗಿದೆ.

"ಯಾವುದಕ್ಕೆ ಅಂತ ಮೊದಲು ಪೂರ್ತಿ ಕೇಳಿ" ಎಂದಿತು ಅಡುಗೆಮನೆ. ತಾಯಿ ಮಗಳ ನಡುವೆ ಮಾತು ಮೊದಲೇ ಆಗಿತ್ತೆಂದು ಕಾಣುತ್ತದೆ.

"ನಾನು ದೊಡ್ಡ ಕಂಪೆನಿಗೆ ಹೋಗುವುದಿಲ್ಲ ಪಪ್ಪ. ಬೇಡ ಅಂತ ನಿನ್ನೆಯೇ ಬರೆದು ಕಳಿಸಿದೆ" ಎಂದಳು ಮಗಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. "ನಾನು ಸಣ್ಣವಳಿದ್ದಾಗ ನೀವು ದಿನಾ ಕಾಲೇಜಿನಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತು, ಅಮ್ಮನ ಹತ್ರ ಹೇಳ್ತಿದ್ರಿ. ಇವತ್ತು ಪ್ರಿನ್ಸಿಪಾಲ್ರು ಹೀಗೆ ಮಾಡಿದ್ರು, ನಾನಾಗಿದ್ರೆ ಹಾಗೆ ಮಾಡ್ತಿದ್ದೆ. ಅಡ್ಮಿಶನ್ ವಿಷಯದಲ್ಲಿ ನಾನಾಗಿದ್ರೆ. ಆ ಲೆಕ್ಚರರ್‌ನನ್ನು ತೆಗೆದಾಗ ನಾನಾಗಿದ್ರೆ. ಸಾರಿಗಿಂತ ಹೆಚ್ಚು ಅದನ್ನೇ ಉಂಡದ್ದು ನಾವು. ನೀವು ಹೇಳ್ತಿದ್ದದ್ದು ಹೆಚ್ಚಿನದ್ದು ಸರಿಯೇ ಇತ್ತು ಪಪ್ಪ. ಅದೇ ನನಗೆ ಬೇಜಾರು. ಆ ಸಣ್ಣ ಕಾಲೇಜಿನಲ್ಲಿ ಅದನ್ನೆಲ್ಲ ನೀವು ಮಾಡಬಹುದಿತ್ತು. ನನಗೆ ಮನೆಗೆ ಬಂದು ನಾನು ಕ್ಯಾಪ್ಟನ್ ಆಗಿದ್ರೆ ಅಂತ ಹೇಳ್ಲಿಕ್ಕೆ ಇಷ್ಟ ಇಲ್ಲ. ಸಣ್ಣದಾದ್ರೂ ಅಡ್ಡಿ ಇಲ್ಲ, ಎಡಗಡೆಯೇ ಕೂರ್ತೇನೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಜೀವಣ್ಣನ ನೀರು, ಭಾವನ ಹಪ್ಪಳ ಎಲ್ಲ ಇದರ ಮುಂದೆ ಏನೂ ಅಲ್ಲ. ಅವುಗಳಿಗಾದರೆ ಕಂಪೆನಿಯ ಕಡೆ ಕೈತೋರಿಸಬಹುದಿತ್ತು, ಇದಕ್ಕೆ ಯಾರ ಕಡೆ ತೋರಿಸಲಿ? ನೋವೂ ಆಯಿತು, ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಸಿಟ್ಟಾಗುವುದು ಸುಲಭ. ಇಷ್ಟು ವರ್ಷ ಸಾವಿರಾರು ಮಕ್ಕಳಿಗೆ ಬುದ್ಧಿ ಹೇಳಿದ ನನಗೆ, ಸ್ವಂತ ಮಗಳು ನನ್ನದೇ ಜಗಲಿಯಲ್ಲಿ, ನನ್ನದೇ ಉದಾಹರಣೆ ಕೊಟ್ಟು ಬುದ್ಧಿ ಹೇಳುವುದೇ? ಸರಿಯಾದ ಉತ್ತರ ಕೊಡಲೇಬೇಕೆಂದು ಕುರ್ಚಿಯಲ್ಲಿ ನೆಟ್ಟಗಾದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡು, ಬೆರಳು ಎತ್ತಿ, ಗಂಭೀರವಾಗಿ ಶುರುಮಾಡಿದೆ:

"ನೋಡು ಅನ್ವಿತಾ, ನಿನ್ನ ಜಾಗದಲ್ಲಿ ನಾನಾಗಿದ್ರೆ..."

ಅಲ್ಲಿಗೆ ನಿಂತಿತು. ಎತ್ತಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಿವಿ ತುರಿಸಿಕೊಂಡೆ. ಮಗಳು ತಲೆ ತಗ್ಗಿಸಿದಳು, ಹೆಗಲು ಮಾತ್ರ ಕುಲುಕುತ್ತಿತ್ತು.

"ಮುಂದೆ ಹೇಳಿ, ಅಡ್ಡಿ ಇಲ್ಲ" ಎಂದಳು ವಿಮಲ ಒಳಗಿನಿಂದ. "ನಮಗೆ ಅಭ್ಯಾಸ ಉಂಟು."