ಮನೆಗೊಂದು ಬಂದೂಕು

ಹೆದರಿದವನಿಗೆ ಹೆದರಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಶೂರನಾಗುವುದೇ ಸುಲಭವೆನಿಸುತ್ತದೆ. ನನಗೂ ಹಾಗೇ ಆಯಿತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಹಾಡಹಗಲೇ ಒಂದು ಮನೆಯ ಬೀಗ ಮುರಿದು ಕಳ್ಳರು ಬೆಳ್ಳಿ, ಬಂಗಾರ ಒಯ್ದರು. ಮಗ್ಗಗಳ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಮರುದಿನದಿಂದ, ವಿಮಾ ಕಚೇರಿಯಲ್ಲಿ ಕೂತು ಫೈಲು ಸರಿಸುವ ನಾನು ಬಂದೂಕಿನ ಮಾತಾಡತೊಡಗಿದೆ. ಮನೆಗೊಂದು ಬಂದೂಕಿದ್ದರೆ ಯಾವ ಕಳ್ಳ ಈ ಕಡೆ ಸುಳಿದಾನು?

ಆದರೆ ನಮ್ಮದು ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನ ಮನೆತನ. ಅವ್ವ ಕಸ ಗುಡಿಸುವಾಗಲೂ ಇರುವೆಗಳಿಗೆ ದಾರಿ ಬಿಟ್ಟು ಗುಡಿಸುತ್ತಾಳೆ.

"ಇರಿವಿ ತುಳಿಬ್ಯಾಡ ಅಂತ ಕಲಿಸೇನಿ. ಈಗ ಮನಶ್ಯಾರನ್ನ ಹೊಡಿಯಾಕ ಹೊಂಟಿಯೇನು?" ಎಂದಳು.

"ಹೊಡಿಯಾಕಲ್ಲ ಬೇ, ಹೆದರಸಾಕ."

ಹೆಂಡತಿ ಸುಜಾತಾ ಒಳಗಿನಿಂದಲೇ, "ಕುಕ್ಕರ್ ಸೀಟಿ ಹೊಡದ್ರ ಜಿಗದ ಬೀಳ್ತೀರಿ. ಬಂದೂಕಿನ ಸಪ್ಪಳ ತಡಕೋತೀರೇನ್ರೀ?" ಎಂದಳು.

ನನ್ನ ಬಳಿ ಒಂದು ಪುರಾವೆ ಇತ್ತು. ಪಕ್ಕದ ಮನೆಯವರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಸಮೀರವಾಡಿ ಕಡೆಯ ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಲೈಸೆನ್ಸ್ ಪಡೆದು ಜೋಡುನಳಿಗೆ ಬಂದೂಕು ಇಟ್ಟಿದ್ದರು. "ಅವರ ಮನಿಗೆ ಕಳ್ಳ ಯಾಕ ಹೋಗಲಿಲ್ಲ, ಹೇಳು" ಎಂದೆ.

ಅವ್ವ ತುಸು ಯೋಚಿಸಿ, "ಖರೆ, ಹೋಗಲಿಲ್ಲ. ಅವರ ಆ ಕಡಿ ಬಾಜೂ ಮನಿಗೆ ಹೋದ" ಎಂದಳು.

"ಎಲ್ಲಾರ ಮನ್ಯಾಗೂ ಇದ್ರ?"

"ಆಗ ಅಂವನೂ ಒಂದು ತರತಾನ."

ಮುದುಕಿಯ ಜೊತೆ ವಾದವೇಕೆಂದು ಕಚೇರಿಗೆ ಹೊರಟೆ.

ಒಂದು ಮಧ್ಯಾಹ್ನ ತಲೆನೋವೆಂದು ಕಚೇರಿಯಿಂದ ಬೇಗ ಬಂದೆ. ಮನೆಗೆ ಬೀಗ. ಅವ್ವ, ಸುಜಾತಾ ಬಸದಿಗೆ ಹೋಗಿದ್ದರು. ಇನ್ನೊಂದು ಕೀಲಿ ಹಿತ್ತಲ ಕಿಟಕಿಯಲ್ಲಿರುತ್ತದೆ. ಬಿಸಿಲಿಗೆ ಮುಖಕ್ಕೆ ಸುತ್ತಿದ್ದ ಟವೆಲ್ಲನ್ನೂ ಬಿಚ್ಚದೆ ಹಿತ್ತಲ ಗೋಡೆ ಹತ್ತಿದೆ.

"ಯಾಂವಲೇ ಅಂವ! ಅಲ್ಲೇ ನಿಂದ್ರ!"

ತಿರುಗಿ ನೋಡಿದರೆ ಸುಬೇದಾರರ ಬಂದೂಕು ನೇರ ನನ್ನ ಎದೆಗೆ. ನನ್ನ ಹೆಸರು ಪದ್ಮಣ್ಣ ಎನ್ನುವುದು ನನಗೇ ಮರೆತುಹೋಯಿತು. "ನಾನ್ರೀ…" ಎಂದಷ್ಟೇ ಬಾಯಿಗೆ ಬಂತು.

"ಎಲ್ಲಾ ಕಳ್ಳರೂ ನಾನ್ರೀ ಅಂತಾರ! ಮುಖ ತೋರಿಸಲೇ!"

ಟವೆಲ್ ತೆಗೆಯಬೇಕೆಂದರೆ ಗೋಡೆಯಿಂದ ಕೈ ಬಿಡಬೇಕು. ಕೈ ಅಲುಗಿದರೆ ಅವರೇನು ತಿಳಿದಾರೋ! ಅಷ್ಟರಲ್ಲಿ ಗೇಟಿನ ಕಡೆಯಿಂದ ಅವ್ವನ ಕೂಗು ಕೇಳಿತು: "ಸುಬೇದಾರ್ರ, ಅಂವ ನನ್ನ ಮಗ ಅದಾನ್ರೀ!"

ಬಂದೂಕು ಕೆಳಗಿಳಿಯಿತು. ನಾನೂ ಇಳಿದೆ, ಅಂದರೆ ಬಿದ್ದೆ. ಸುಬೇದಾರರು ಕಟ್ಟೆಯ ಮೇಲೆ ಕುಸಿದು ನೀರು ಕೇಳಿದರು. ಸುಜಾತಾ ಕೊಟ್ಟ ನೀರು ಕುಡಿಯುವ ಮೊದಲು ಬಂದೂಕಿನ ಎರಡೂ ತೋಟಾ ತೆಗೆದು ಪಕ್ಕಕ್ಕಿಟ್ಟರು.

"ಗಡಿಯಾಗ ಇಷ್ಟು ಹೆದರಿದ್ದಿಲ್ಲವ್ವಾ. ಅಲ್ಲಿ ಎದುರಿಗೆ ಯಾರದಾರ ಅಂತ ಗೊತ್ತಿರತಿತ್ತು. ಇಲ್ಲಿ ಬೆರಳು ಬಂದೂಕಿನ ಕುದರಿ ಮ್ಯಾಗ ಇಟ್ಟಿದ್ದೆ…" ಅವ್ವ ಅವರ ಬೆನ್ನು ಸವರಿದಳು. ಗುಂಡು ಹೊಡೆಯಲಿದ್ದವರನ್ನು ಸಂತೈಸುತ್ತಿದ್ದಾಳೆ, ಹೊಡೆಸಿಕೊಳ್ಳಲಿದ್ದ ನನ್ನನ್ನು ಕೇಳುವವರಿಲ್ಲ ಎಂದು ಆ ಕ್ಷಣಕ್ಕೆ ಬೇಸರವೂ ಆಯಿತು. ಆಮೇಲೆ ಅನಿಸಿತು, ನನ್ನ ಸಾವು ತಪ್ಪಿತ್ತು; ಅವರಿಗೆ ಜೀವನವಿಡೀ ಹೊರಬೇಕಾದ ಒಂದು ಭಾರ ತಪ್ಪಿತ್ತು. ಯಾವುದು ದೊಡ್ಡದು, ನಾನು ಹೇಳಲಾರೆ.

ಬಂದೂಕು ಈಗ ಅವರ ಹೊಲದ ಮನೆಯ ಕಪಾಟಿನಲ್ಲಿದೆ, ಬೀಗ ಹಾಕಿಕೊಂಡು. ಕಳ್ಳರು ಇನ್ನೂ ಸಿಕ್ಕಿಲ್ಲ. ಬಂದೂಕಿಗೆ ಅವರು ಹೆದರಿದರೋ ಇಲ್ಲವೋ, ಕೇಳೋಣವೆಂದರೆ ಅವರ ವಿಳಾಸ ಗೊತ್ತಿಲ್ಲ. ನಾನಂತೂ ಈಗಲೂ ಓಣಿಯ ತಿರುವಿನಿಂದಲೇ "ನಾನ್ರೀ, ಪದ್ಮಣ್ಣ!" ಎಂದು ಕೂಗಿಕೊಂಡೇ ನನ್ನ ಮನೆ ಸೇರುತ್ತೇನೆ.